ಪಂಢರಪುರದ ಕಂಬ ಮತ್ತು ಶ್ರೀ ಪುರಂದರದಾಸರು

ಆಷಾಢದಲ್ಲಿ ಆಳಂದಿ, ದೇಹುಗಳ ಪಾಲಖಿಗಳು ಪುಣೆಯನ್ನು ಹಾದು ಪಂಢರಪುರದತ್ತ ಸಾಗುವಾಗ, ಇಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಶ್ರೀ ಪುರಂದರದಾಸರ ಸ್ಮರಣೆಯಾಗುವುದು ಸಹಜ. ಜ್ಞಾನೇಶ್ವರ, ತುಕಾರಾಮರು ಹಾಡಿ ಒಲಿಸಿಕೊಂಡ ವಿಠಲನೇ ದಾಸರ ಅಂಕಿತದ ದೈವ. ಸಾಸವಡದ ಬಳಿಯ ಪುರಂದರಗಡವೇ ಅವರ ಜನ್ಮಸ್ಥಳವೆಂದು ನಮ್ಮ ಹಿರಿಯರು ಅಭಿಮಾನದಿಂದ ಹೇಳುತ್ತ ಬಂದರು. ಈಚಿನ ವರ್ಷಗಳಲ್ಲಿ ವಿದ್ವಾಂಸರ ಸಮಿತಿಯೊಂದು ತೀರ್ಥಹಳ್ಳಿ ಸೀಮೆಯ ಕ್ಷೇಮಪುರದ ಕಡೆಗೆ ಒಲವು ತೋರಿದೆ. ಗಡದ ಮೇಲಿನ ನಮ್ಮ ಹಕ್ಕು ಸಡಿಲವಾಯಿತೆಂದೇ ಇಟ್ಟುಕೊಳ್ಳೋಣ. ಪಂಢರಪುರದ ನಂಟು ಮಾತ್ರ ಸಡಿಲವಾಗುವಂಥದಲ್ಲ.

ಭೀಮೆಯು ಅರ್ಧಚಂದ್ರಾಕಾರವಾಗಿ ಬಾಗಿ ಚಂದ್ರಭಾಗೆಯೆನಿಸುವ ಪುಣ್ಯಕ್ಷೇತ್ರವದು. ಮಾತಾಪಿತೃಗಳ ಸೇವೆಯಲ್ಲಿ ಮಗ್ನನಾಗಿದ್ದ ಪುಂಡಲೀಕನು ಎಸೆದ ಇಟ್ಟಿಗೆಯ ಮೇಲೆ ಭಗವಂತನು ಕಾದು ನಿಂತನೆಂಬುದು ಸ್ಥಳಪುರಾಣ. ಹೊಯ್ಸಳ ಸೋಮೇಶ್ವರನ 1237ರ ಶಾಸನ ಅಲ್ಲಿ ದೊರೆತಿದೆ. ಕನ್ನಡ ದೊರೆಗಳ ಭಕ್ತಿ ದಾಸರಿಗಿಂತ ಬಹುಕಾಲ ಮೊದಲೇ ಆ ಸನ್ನಿಧಿಯನ್ನು ಮುಟ್ಟಿತ್ತು. ದೇವರ ಪಾದಗಳನ್ನು ಭಕ್ತರು ಸ್ವತಃ ಸ್ಪರ್ಶಿಸಿ ನಮಸ್ಕರಿಸುವುದು ಅಲ್ಲಿನ ವೈಶಿಷ್ಟ್ಯ. ಆದರೆ ದಲಿತರಿಗೆ ಆ ಬಾಗಿಲು ತೆರೆಯಲು 1947ರಲ್ಲಿ ಸಾನೆ ಗುರೂಜಿಯವರು ಉಪವಾಸ ಕೂರಬೇಕಾಯಿತೆಂಬುದನ್ನು ಮರೆಯಲಾಗದು.

ವರದಪ್ಪ ನಾಯಕರ ಪುತ್ರ ಶ್ರೀನಿವಾಸ ನಾಯಕರು ಚಿನಿವಾರ ವೃತ್ತಿಯಿಂದ ನವಕೋಟಿ ನಾರಾಯಣರೆನಿಸಿದ್ದರು. ಜಿಪುಣತನಕ್ಕೂ ಅಷ್ಟೇ ಹೆಸರಾಗಿದ್ದರು. ಬಡಬ್ರಾಹ್ಮಣನೊಬ್ಬನಿಗೆ ಪತ್ನಿ ಸರಸ್ವತಿಬಾಯಿ ಕೊಟ್ಟ ಮೂಗುತಿಯ ಪ್ರಸಂಗ ಮನೆಮನೆಗೂ ತಿಳಿದದ್ದೇ. ಸರ್ವಸ್ವವನ್ನೂ ದಾನಮಾಡಿ ಸಕುಟುಂಬರಾಗಿ ವಿಜಯನಗರಕ್ಕೆ ನಡೆದ ಅವರಿಗೆ ಶ್ರೀ ವ್ಯಾಸರಾಯರು ದಾಸದೀಕ್ಷೆಯಿತ್ತು ಪುರಂದರವಿಠಲ ಎಂಬ ಅಂಕಿತವನ್ನು ದಯಪಾಲಿಸಿದರು. ಸಂಗೀತ ಕಲಿಯುವ ಮಕ್ಕಳು ಇಂದಿಗೂ ಮಾಯಾಮಾಳವಗೌಳದಲ್ಲಿ ಸರಳೆ ಹಾಡುವುದು ಅವರು ಹಾಕಿಕೊಟ್ಟ ಕ್ರಮದಿಂದಲೇ.

ಯಾತ್ರಾರ್ಥಿಯಾಗಿ ದಾಸರು ಪಂಢರಪುರದಲ್ಲಿ ತಂಗಿದ್ದಾಗ ನಡೆದುದೆಂದು ಹೇಳುವ ಕಥೆಯೊಂದಿದೆ. ರಾತ್ರಿ ಶಿಷ್ಯ ಅಪ್ಪಣ್ಣನನ್ನು ಕೂಗಿ ನೀರು ಕೇಳಿದರು. ನೀರು ತಡವಾಗಿ ಬಂತು. ಸಿಟ್ಟಿನಿಂದ ಅದೇ ತಂಬಿಗೆಯಿಂದ ತಂದವನನ್ನು ಹೊಡೆದರು. ಬೆಳಗಾದ ಮೇಲೆ ಪಶ್ಚಾತ್ತಾಪದಿಂದ ವಿಚಾರಿಸಿದರೆ, ಅಪ್ಪಣ್ಣ ರಾತ್ರಿ ಎದ್ದೇ ಇರಲಿಲ್ಲ! ಅತ್ತ ಗುಡಿಯಲ್ಲಿ ದೇವರ ಚಿನ್ನದ ಕಡಗ ಕಾಣೆಯಾಗಿ, ವೇಶ್ಯೆಯೊಬ್ಬಳ ಕೈಯಲ್ಲಿ ಸಿಕ್ಕಿತು. ತನಗದನ್ನು ಕೊಟ್ಟವರು ದಾಸರೆಂದು ಅವಳು ಹೇಳಿದಳು. ಪೂಜಾರಿಗಳು ದಾಸರನ್ನು ಕಂಬಕ್ಕೆ ಕಟ್ಟಿಸಿ ಹೊಡೆಸಿದರು. ಪರಸ್ಥಳದಿಂದ ಬಂದವನ ಮೇಲೆ ಮೊದಲು ಸಂಶಯ ಬೀಳುವುದು ಲೋಕರೂಢಿಯಷ್ಟೆ. ಕೊನೆಗೆ, ದಾಸರ ರೂಪಿನಿಂದ ಕಡಗ ಕೊಟ್ಟು ಬಂದವನೂ, ರಾತ್ರಿ ಪೆಟ್ಟು ತಿಂದವನೂ ತಾನೇ ಎಂದು ವಿಠಲನು ಪ್ರಕಟಿಸಿದನಂತೆ. ಈ ಕಥೆಯನ್ನು ಚರಿತ್ರೆಯ ತಕ್ಕಡಿಯಲ್ಲಿ ತೂಗುವುದು ಉಚಿತವಲ್ಲ. ಸರ್ವಸಂಗವನ್ನೂ ತೊರೆದವರಲ್ಲಿ ಸಿಟ್ಟೊಂದು ಉಳಿದಿತ್ತೆಂದು ಭಕ್ತರ ಪರಂಪರೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡು ಬಂದಿದೆಯಲ್ಲ, ನಮಗೆ ಪ್ರಿಯವಾದುದು ಅದು.

ದಾಸರು ರಕ್ತಾಕ್ಷಿ ಸಂವತ್ಸರದ ಪುಷ್ಯ ಅಮಾವಾಸ್ಯೆಯಂದು ಹರಿಪಾದ ಸೇರಿದರು. ಬಹುಮಂದಿ ಅದನ್ನು 1564 ಎಂದು ಗಣಿಸುತ್ತಾರೆ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧ ನಡೆದು ವಿಜಯನಗರ ಹಾಳಾಯಿತು. ಹಂಪೆಯ ವಿಠಲಾಲಯದಲ್ಲಿ ಇಂದು ಮೂರ್ತಿಯಿಲ್ಲ. ಅಲ್ಲಿಗೆ ಒಯ್ದಿದ್ದ ವಿಠಲನನ್ನು ಏಕನಾಥರ ಮುತ್ತಜ್ಜ ಭಾನುದಾಸರು ಪಂಢರಪುರಕ್ಕೆ ಮರಳಿ ತಂದರೆಂದು ಮರಾಠಿ ಸಂತಪರಂಪರೆ ನಂಬುತ್ತದೆ. ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪ ಉಳಿದಿದೆ. ಪಂಢರಪುರದ ಗುಡಿಯಲ್ಲಿ, ದಾಸರನ್ನು ಕಟ್ಟಿದ್ದೆಂದು ತೋರಿಸುವ ಕಂಬ.