ಮೈಕಿಲ್ಲದ ಕಾಲದ ಏಳು ತಂತಿ

ನಮ್ಮ ದೇವಸಮುದ್ರದ ಕಡೆ ಈಗ ಯಾವ ಕಾರ್ಯಕ್ರಮವಾದರೂ ಮೊದಲು ಊರಿಗೆ ಬರುವುದು ಸೌಂಡ್ ಸಿಸ್ಟಂ ಹೊತ್ತ ಟೆಂಪೊ. ಹಾಡುವವರು ಬರುವುದು ಆಮೇಲೆ. ಮಿಕ್ಸರ್ ಮುಂದೆ ಕೂತ ಹುಡುಗ ಒಂದು ಗುಂಡಿ ತಿರುಗಿಸಿದರೆ ಊರಾಚೆಯ ಹೊಲದಲ್ಲಿದ್ದವರಿಗೂ ಪದ ಕೇಳುತ್ತದೆ. ಇದ್ಯಾವುದೂ ಇಲ್ಲದ ಕಾಲದಲ್ಲಿ, ಕಿಕ್ಕಿರಿದ ಸಭೆಯ ಕೊನೆಯ ಸಾಲಿಗೆ ಪಿಟೀಲಿನ ನಾದ ಮುಟ್ಟಿಸುವುದು ಹೇಗೆ? ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವರು ಮೈಸೂರು ಟಿ. ಚೌಡಯ್ಯ.

ಹುಟ್ಟಿದ್ದು 1895ರಲ್ಲಿ, ಕಾವೇರಿ ಕಪಿಲೆ ಕೂಡುವ ತಿರುಮಕೂಡಲಿನಲ್ಲಿ. 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹೆಸರಾಂತ ಗಾಯಕರು. ಅಂದರೆ ಚೌಡಯ್ಯ ಪಿಟೀಲಿನಲ್ಲಿ ಪಳಗಿದ್ದು ಹಾಡುಗಾರರೊಬ್ಬರ ಮನೆಯಲ್ಲಿ. ಎಂಟು ವರ್ಷಗಳ ಕಠಿಣ ಗುರುಕುಲವಾಸ ಅದು. ನಾಲ್ಕು ವರ್ಷದ ಬಿಇ ಉದ್ದವಾಯಿತು ಎಂದು ಗೊಣಗುವ ನಮಗೆ ಇದು ಸ್ವಲ್ಪ ಮುಜುಗರದ ಲೆಕ್ಕ.

ಪಕ್ಕವಾದ್ಯದವರ ಕೆಲಸ ವಿಚಿತ್ರವಾದದ್ದು. ಪೋಸ್ಟರಿನಲ್ಲಿ ದೊಡ್ಡ ಅಕ್ಷರ ಗಾಯಕರಿಗೆ. ಅವರು ವೇದಿಕೆಯ ಮೇಲೆ ಆ ಕ್ಷಣಕ್ಕೆ ಏನು ಹಾಡುತ್ತಾರೋ ಅದನ್ನು ಹಿಡಿದು ಹಿಂಬಾಲಿಸಬೇಕು, ತಮ್ಮ ಸರದಿ ಬಂದಾಗ ಅಷ್ಟೇ ತೂಕದ ಉತ್ತರ ಕೊಡಬೇಕು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅಂಥವರ ಪಕ್ಕದಲ್ಲಿ ಚೌಡಯ್ಯ ಕೂತರು. ಚೆಂಬೈ ಅವರದು ಮೈಕಿನ ಹಂಗಿಲ್ಲದ ಕಂಚಿನ ಕಂಠ. ಅದರ ಮುಂದೆ ಪಿಟೀಲು ಕೇಳದಿದ್ದರೆ ಸಭೆ ದೂರುವುದು ಪಿಟೀಲಿನವರನ್ನೇ.

1927ರಲ್ಲಿ ಅವರು ಕೈಹಾಕಿದ್ದು ವಾದ್ಯಕ್ಕೇ. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಸೇರಿಸಿ ಏಳು ಮಾಡಿದರು. ಜೊತೆ ತಂತಿಯದು ಅದೇ ಸ್ವರ, ಆದರೆ ಬೇರೆ ಸ್ಥಾಯಿ. ಕಮಾನಿನ ಒಂದೇ ಎಳೆತಕ್ಕೆ ಎರಡೂ ನುಡಿಯುತ್ತವೆ, ನಾದ ದಪ್ಪವಾಗುತ್ತದೆ.

ಹೇಳುವುದು ಸುಲಭ. ಮೂರು ತಂತಿ ಹೆಚ್ಚಾದರೆ ಕುದುರೆಯ ಮೇಲೆ, ಅದರ ಕೆಳಗಿನ ತೆಳು ಹಲಗೆಯ ಮೇಲೆ ಒತ್ತಡವೂ ಹೆಚ್ಚು. ಒಂದು ಬೆರಳು ಎರಡು ತಂತಿಗಳನ್ನು ಒಟ್ಟಿಗೆ, ಒಂದೇ ಜಾಗದಲ್ಲಿ ಒತ್ತಬೇಕು. ಇನ್ನು ಶ್ರುತಿ. ಕೆಳಗಿನ ತಂತಿ 220 ಹರ್ಟ್ಸ್‌ನಲ್ಲಿದ್ದರೆ ಮೇಲಿನದು ಸರಿಯಾಗಿ 440ರಲ್ಲಿರಬೇಕು. 442ಕ್ಕೆ ಸರಿದರೂ ಸಾಕು, ಸೆಕೆಂಡಿಗೆ ಎರಡು ಸಲ ನಾದ ಅಲುಗಾಡುವುದು ಕಿವಿಗೆ ಬೀಳುತ್ತದೆ. ನಾವು ಲ್ಯಾಬಿನಲ್ಲಿ ಟ್ಯೂನಿಂಗ್ ಫೋರ್ಕ್ ಹಿಡಿದು ಎಣಿಸುವ ಬೀಟ್ಸ್ ಇದೇ. ಚೌಡಯ್ಯ ಇದನ್ನು ರಾಗಾಲಾಪನೆಯ ನಡುವೆ, ಗಮಕಗಳ ಮೇಲೆ ಬೆರಳು ಜಾರಿಸುತ್ತಲೇ ನಿಭಾಯಿಸಬೇಕಿತ್ತು.

ಅಪಾಯ ಬರೀ ಬೆರಳಿಗಲ್ಲ, ಹೆಸರಿಗೂ ಇತ್ತು. ಗುರು ಇನ್ನೂ ಬದುಕಿದ್ದ ದಿನಗಳು. ಮೂವತ್ತೆರಡರ ಹರೆಯದ ಪಕ್ಕವಾದ್ಯಗಾರನೊಬ್ಬ ಎಲ್ಲರೂ ಒಪ್ಪಿದ ವಾದ್ಯವನ್ನೇ ತಿದ್ದಹೊರಟರೆ ಮುಂದಿನ ಕಛೇರಿಗೆ ಕರೆ ಬಾರದೆ ಹೋಗಬಹುದಿತ್ತು. ಟೀಕೆಯೂ ಬಂತು. ಅವರು ಏಳು ತಂತಿ ಬಿಡಲಿಲ್ಲ, ಕರೆಗಳೂ ನಿಲ್ಲಲಿಲ್ಲ. ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1943ರ ‘ವಾಣಿ’ ಚಿತ್ರದ ಹಿಂದೆಯೂ ಅವರಿದ್ದರು. ಚೆಂಬೈ ಕಛೇರಿಯನ್ನು ಬೆಳ್ಳಿತೆರೆಗೆ ತಂದದ್ದು ಅದೇ ಚಿತ್ರ. 1957ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪದವಿ ಬಂತು. ‘ತ್ರಿಮಕುಟ’ ಎಂಬ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದರು. ಹುಟ್ಟೂರನ್ನು ಅಂಕಿತದೊಳಗೇ ಇಟ್ಟುಕೊಂಡದ್ದು ನನಗೆ ತುಂಬಾ ಹಿಡಿಸಿದ ಸಂಗತಿ.

1967ರ ಜನವರಿಯಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಸಭೆಗಳಿಗೆ ಮೈಕು ಬಂದಾಗಿತ್ತು. ಇಂದಿನ ಕಛೇರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕು ತಂತಿಯ ಪಿಟೀಲೇ. ಏಳು ತಂತಿಯದನ್ನು ನೋಡಬೇಕೆಂದರೆ ಬೆಂಗಳೂರಿಗೆ ಹೋದಾಗ ಮಲ್ಲೇಶ್ವರದ ಕಡೆ ಒಂದು ಸುತ್ತು ಹಾಕಿ. 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ಅಲ್ಲಿದೆ. ಕೆ.ಕೆ. ಮೂರ್ತಿಯವರ ಶ್ರಮದಿಂದ ಎದ್ದ ಆ ಕಟ್ಟಡವೇ ಒಂದು ಪಿಟೀಲು. ಒಳಗೆ ಸಾವಿರ ಜನ ಕೂರುತ್ತಾರೆ.