ಸೊಫೊನಿಸ್ಬಾ: ಆರು ಹೆಣ್ಣುಮಕ್ಕಳ ಮನೆಯಿಂದ ಅರಮನೆಯವರೆಗೆ

ಒಮ್ಮೆ ತರಗತಿಯಲ್ಲಿ ಮಕ್ಕಳಿಗೆ ಪ್ರಸಿದ್ಧ ಚಿತ್ರಕಾರರ ಹೆಸರುಗಳನ್ನು ಹೇಳಲು ತಿಳಿಸಿದೆ. ಲಿಯನಾರ್ಡೊ ಡ ವಿಂಚಿ, ಮೈಕೆಲೆಂಜೆಲೊ, ಪಿಕಾಸೊ, ರಾಜಾ ರವಿವರ್ಮ, ಎಂ.ಎಫ್. ಹುಸೇನ್ ಹೀಗೆ ಒಂದರ ಹಿಂದೆ ಒಂದು ಹೆಸರು ಬಂತು. ಅವುಗಳಲ್ಲಿ ಒಬ್ಬ ಮಹಿಳೆಯ ಹೆಸರೂ ಇರಲಿಲ್ಲ. ಹುಡುಗಿಯರೇ ಹೆಚ್ಚಾಗಿದ್ದ ತರಗತಿ ಅದು. ಆದರೂ ಯಾರೂ ಅದನ್ನು ಗಮನಿಸಲಿಲ್ಲ. ನಿಜ ಹೇಳಬೇಕೆಂದರೆ ಮನೆಗೆ ಬರುವವರೆಗೆ ನಾನೂ ಗಮನಿಸಿರಲಿಲ್ಲ.

ಮಹಿಳೆಯರು ಚಿತ್ರ ಬರೆಯಲೇ ಇಲ್ಲವೇ? ಬರೆದಿದ್ದಾರೆ. ಆದರೆ ಕಲಿಯುವ ಅವಕಾಶ ಸಿಕ್ಕವರು ಕೆಲವರು ಮಾತ್ರ. ಕಲಿತವರಲ್ಲೂ ಹೆಸರು ಉಳಿದವರು ಇನ್ನೂ ಕಡಿಮೆ. ಕಲಿಯುವ ಅವಕಾಶವನ್ನು ತಂದೆಯಿಂದ ಪಡೆದು, ಬದುಕಿದ್ದಾಗ ಕೀರ್ತಿ ಗಳಿಸಿ, ಸತ್ತ ಮೇಲೆ ಹೆಸರನ್ನು ಕಳೆದುಕೊಂಡು, ಸುಮಾರು ನಾಲ್ಕು ಶತಮಾನಗಳ ನಂತರ ಮತ್ತೆ ಆ ಹೆಸರನ್ನು ಪಡೆದ ಒಬ್ಬ ಕಲಾವಿದೆಯ ಜೀವನವನ್ನು ವಿದ್ಯಾರ್ಥಿ ಮಿತ್ರರ ಮುಂದೆ ಇಡುವುದು ಈ ಲೇಖನದ ಉದ್ದೇಶ. ಆಕೆಯೇ ಇಟಲಿಯ ಸೊಫೊನಿಸ್ಬಾ ಅಂಗ್ವಿಸೋಲಾ.

ತಂದೆಯ ತೀರ್ಮಾನ

ಸೊಫೊನಿಸ್ಬಾ ಸುಮಾರು 1532ರಲ್ಲಿ ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತ್ಯದ ಕ್ರೆಮೋನಾ ಪಟ್ಟಣದಲ್ಲಿ ಜನಿಸಿದರು. ತಂದೆ ಅಮಿಲ್ಕಾರೆ, ತಾಯಿ ಬಿಯಾಂಕಾ. ಈ ದಂಪತಿಗಳಿಗೆ ಏಳು ಮಂದಿ ಮಕ್ಕಳು. ಮೊದಲ ಮಗಳು ಸೊಫೊನಿಸ್ಬಾ. ನಂತರ ಎಲೆನಾ, ಲೂಚಿಯಾ, ಮಿನರ್ವಾ, ಯುರೋಪಾ, ಅನ್ನಾ ಮರಿಯಾ ಎಂಬ ಐವರು ತಂಗಿಯರು. ಒಬ್ಬನೇ ತಮ್ಮ ಅಸ್ದ್ರೂಬಾಲೆ.

ಅಮಿಲ್ಕಾರೆ ಕುಲೀನ ಮನೆತನದವರಾದರೂ ಭಾರಿ ಶ್ರೀಮಂತರಾಗಿರಲಿಲ್ಲ. ಆ ಕಾಲದ ಇಟಲಿಯಲ್ಲಿ ಇಂತಹ ಮನೆಯ ಹೆಣ್ಣುಮಕ್ಕಳಿಗೆ ಎರಡೇ ದಾರಿಗಳಿದ್ದವು. ದೊಡ್ಡ ಮೊತ್ತದ ವರದಕ್ಷಿಣೆ ಕೊಟ್ಟು ಮದುವೆ ಮಾಡುವುದು, ಇಲ್ಲವಾದರೆ ಸನ್ಯಾಸಿನಿಯರ ಮಠಕ್ಕೆ ಸೇರಿಸುವುದು. ಆರು ಮಂದಿಗೂ ವರದಕ್ಷಿಣೆ ಹೊಂದಿಸುವುದು ಎಂತಹ ತಂದೆಗೂ ಕಷ್ಟವೇ. ವರದಕ್ಷಿಣೆಯ ಭಾರ ಎಂತಹುದು ಎಂಬುದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅಮಿಲ್ಕಾರೆ ಬೇರೊಂದು ದಾರಿ ಹಿಡಿದರು. ಹೆಣ್ಣುಮಕ್ಕಳಿಗೆಲ್ಲ ಲ್ಯಾಟಿನ್ ಭಾಷೆ, ಸಂಗೀತ, ಚಿತ್ರಕಲೆಗಳನ್ನು ಕಲಿಸಿದರು. ಸುಮಾರು 1546ರಲ್ಲಿ ಸೊಫೊನಿಸ್ಬಾ ಮತ್ತು ಎಲೆನಾ ಇಬ್ಬರನ್ನೂ ಬೆರ್ನಾರ್ದಿನೊ ಕಾಂಪಿ ಎಂಬ ಚಿತ್ರಕಾರರ ಮನೆಯಲ್ಲಿಟ್ಟು ಕಲಿಸಲು ಏರ್ಪಾಡು ಮಾಡಿದರು. ಆಗ ಸೊಫೊನಿಸ್ಬಾಗೆ ಸುಮಾರು ಹದಿನಾಲ್ಕು ವರ್ಷ. ಚಿತ್ರಕಾರರ ಬಳಿ ಹುಡುಗರು ಶಿಷ್ಯರಾಗಿ ಸೇರುವುದು ವಾಡಿಕೆಯಾಗಿತ್ತೇ ಹೊರತು ಹುಡುಗಿಯರು ಸೇರುತ್ತಿರಲಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಹುಡುಗಿಯರು ಚಿತ್ರ ಬರೆಯುತ್ತಿದ್ದರೆ ಅವರು ಸಾಮಾನ್ಯವಾಗಿ ಚಿತ್ರಕಾರರ ಮಕ್ಕಳೇ ಆಗಿರುತ್ತಿದ್ದರು. ಚಿತ್ರಕಾರನಲ್ಲದ ತಂದೆಯೊಬ್ಬ ತನ್ನ ಮಗಳನ್ನು ಗುರುವಿನ ಮನೆಗೆ ಕಳುಹಿಸಿದ್ದು ಅಂದಿನ ಕಾಲಕ್ಕೆ ಸಣ್ಣ ವಿಷಯವಲ್ಲ. ಮೂರು ವರ್ಷಗಳ ನಂತರ ಕಾಂಪಿ ಮಿಲಾನ್ ನಗರಕ್ಕೆ ಹೊರಟುಹೋದರು. ಆಗ ಬೆರ್ನಾರ್ದಿನೊ ಗಾಟ್ಟಿ ಎಂಬ ಇನ್ನೊಬ್ಬ ಗುರುವಿನ ಬಳಿ ಸೊಫೊನಿಸ್ಬಾ ಕಲಿಕೆಯನ್ನು ಮುಂದುವರಿಸಿದರು.

ಮನೆಯೇ ಪಾಠಶಾಲೆ

ಮುಂದೆ ಎಲೆನಾ ಮಠ ಸೇರಿದರು. ಸೊಫೊನಿಸ್ಬಾ ತಾವು ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಕಿರಿಯ ತಂಗಿಯರನ್ನು ಕೂರಿಸಿಕೊಂಡು ಅವರಿಗೂ ಚಿತ್ರಕಲೆ ಕಲಿಸಿದರು. ಲೂಚಿಯಾ ಉತ್ತಮ ಕಲಾವಿದೆಯಾಗಿ ಬೆಳೆದರು, ಆದರೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಯುರೋಪಾ ಮತ್ತು ಅನ್ನಾ ಮರಿಯಾ ಕೂಡ ಕುಂಚ ಹಿಡಿದರು. ಮಿನರ್ವಾ ಲ್ಯಾಟಿನ್ ಭಾಷೆಯಲ್ಲಿ ಪರಿಣತಿ ಪಡೆದರು.

ಆಗಿನ ದೊಡ್ಡ ಚಿತ್ರಕಾರರು ಧಾರ್ಮಿಕ ಮತ್ತು ಪೌರಾಣಿಕ ದೃಶ್ಯಗಳನ್ನು ದೊಡ್ಡ ಗೋಡೆಗಳ ಮೇಲೆ ಬರೆಯುತ್ತಿದ್ದರು. ಅದಕ್ಕೆ ಮನುಷ್ಯ ದೇಹದ ರಚನೆಯನ್ನು ಕಣ್ಣಾರೆ ನೋಡಿ ಅಭ್ಯಾಸ ಮಾಡಬೇಕಿತ್ತು. ಹೆಣ್ಣುಮಕ್ಕಳಿಗೆ ಆ ಅಭ್ಯಾಸಕ್ಕೆ ಅವಕಾಶವೇ ಇರಲಿಲ್ಲ. ಸೊಫೊನಿಸ್ಬಾ ಇದಕ್ಕಾಗಿ ಕೊರಗುತ್ತಾ ಕೂರಲಿಲ್ಲ. ತಮ್ಮ ಕಣ್ಣೆದುರಿಗೆ ಏನಿತ್ತೋ ಅದನ್ನೇ ಬರೆದರು. ಕಣ್ಣೆದುರಿಗೆ ಇದ್ದದ್ದು ತಮ್ಮ ಮನೆ, ತಂದೆ, ತಂಗಿಯರು, ತಮ್ಮ, ಮನೆಗೆಲಸದ ಹೆಂಗಸು ಮತ್ತು ಕನ್ನಡಿಯಲ್ಲಿ ಕಾಣುವ ತಮ್ಮದೇ ಮುಖ. 1554ರಲ್ಲಿ ಬರೆದ ತಮ್ಮದೇ ಭಾವಚಿತ್ರದಲ್ಲಿ ಅವರ ಕೈಯಲ್ಲಿರುವುದು ಒಡವೆಯಲ್ಲ, ತೆರೆದ ಪುಸ್ತಕ. ಅದರ ಪುಟದ ಮೇಲೆ ತಮ್ಮ ಹೆಸರನ್ನೂ ಇಸವಿಯನ್ನೂ ಬರೆದಿದ್ದಾರೆ. ಈ ಚಿತ್ರ ಇಂದು ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ.

1555ರಲ್ಲಿ ಬರೆದ ಚದುರಂಗದಾಟದ ಚಿತ್ರ ಅವರಿಗೆ ಹೆಚ್ಚಿನ ಹೆಸರು ತಂದಿತು. ಮರದ ಕೆಳಗೆ ಮೇಜು, ಮೇಜಿನ ಮೇಲೆ ಚದುರಂಗದ ಹಾಸು. ಲೂಚಿಯಾ ಆಟ ನಿಲ್ಲಿಸಿ ನಮ್ಮ ಕಡೆಗೆ ನೋಡುತ್ತಿದ್ದಾರೆ. ಎದುರಿಗಿರುವ ಮಿನರ್ವಾ ಏನನ್ನೋ ಹೇಳುವಂತೆ ಕೈ ಎತ್ತಿದ್ದಾರೆ. ನಡುವೆ ಪುಟ್ಟ ಯುರೋಪಾ ಅಕ್ಕನ ಪೇಚಾಟ ನೋಡಿ ನಗುತ್ತಿದ್ದಾಳೆ. ಹಿಂದೆ ನಿಂತ ವಯಸ್ಸಾದ ಮನೆಗೆಲಸದಾಕೆ ಕುತೂಹಲದಿಂದ ನೋಡುತ್ತಿದ್ದಾಳೆ. ಅಂದಿನ ಭಾವಚಿತ್ರಗಳಲ್ಲಿ ಜನ ಗಂಭೀರವಾಗಿ, ಬೊಂಬೆಗಳಂತೆ ಕುಳಿತಿರುತ್ತಿದ್ದರು. ಇಲ್ಲಿ ಅಕ್ಕತಂಗಿಯರು ನಗುತ್ತಿದ್ದಾರೆ. ಅಷ್ಟೇ ಅಲ್ಲ, ಬುದ್ಧಿಯ ಆಟ ಆಡುತ್ತಿದ್ದಾರೆ. ಹಾಸಿನ ಅಂಚಿನಲ್ಲಿ ಸೊಫೊನಿಸ್ಬಾ ತಮ್ಮ ಹೆಸರು ಬರೆದು, ಮೂವರು ತಂಗಿಯರನ್ನೂ ಮನೆಗೆಲಸದಾಕೆಯನ್ನೂ ನೋಡಿಯೇ ಬರೆದದ್ದೆಂದು ದಾಖಲಿಸಿದ್ದಾರೆ. 1566ರಲ್ಲಿ ಕ್ರೆಮೋನಾಕ್ಕೆ ಬಂದ ಕಲಾ ಇತಿಹಾಸಕಾರ ವಸಾರಿ ಈ ಚಿತ್ರವನ್ನು ನೋಡಿ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಮೆಚ್ಚಿ ಬರೆದರು. ಇದು ಈಗ ಪೋಲೆಂಡಿನ ಪೊಜ್ನಾನ್ ನಗರದಲ್ಲಿದೆ.

ಅಳುವ ಹುಡುಗನ ಚಿತ್ರ

ಮಗಳ ಪ್ರತಿಭೆ ಊರಿನಲ್ಲೇ ಉಳಿಯಬಾರದೆಂದು ಅಮಿಲ್ಕಾರೆಗೆ ಅನಿಸಿತು. ಅವರು ಪತ್ರ ಬರೆದದ್ದು ಬೇರೆ ಯಾರಿಗೂ ಅಲ್ಲ, ಆ ಕಾಲದ ಮಹಾನ್ ಕಲಾವಿದ ಮೈಕೆಲೆಂಜೆಲೊಗೆ. ಆಗ ಮೈಕೆಲೆಂಜೆಲೊಗೆ ಎಂಬತ್ತು ದಾಟಿತ್ತು. 1557ರ ಪತ್ರದಲ್ಲಿ ಅಮಿಲ್ಕಾರೆ ಒಂದು ವಿನಂತಿ ಮಾಡಿದರು. ತಮ್ಮ ಕೈಯ ಒಂದು ರೇಖಾಚಿತ್ರ ಕಳುಹಿಸಿಕೊಟ್ಟರೆ ಮಗಳು ಅದಕ್ಕೆ ಬಣ್ಣ ತುಂಬಿ ಹಿಂದಿರುಗಿಸುವಳು ಎಂಬುದೇ ಆ ವಿನಂತಿ. ಇನ್ನೊಂದು ಪತ್ರದಲ್ಲಿ ಮಗಳಿಗೆ ಅವರು ತೋರಿದ ವಾತ್ಸಲ್ಯಕ್ಕೆ ಕೃತಜ್ಞತೆ ಸಲ್ಲಿಸಿದರು.

ಈ ಸಂಬಂಧದ ಒಂದು ಪ್ರಸಂಗ ರೋಮ್‌ನ ಕಲಾಪ್ರೇಮಿ ತೊಮ್ಮಾಸೊ ಕವಾಲಿಯೇರಿ 1562ರಲ್ಲಿ ಬರೆದ ಪತ್ರದಿಂದ ತಿಳಿದುಬರುತ್ತದೆ. ಸೊಫೊನಿಸ್ಬಾ ಬರೆದಿದ್ದ ನಗುವ ಹುಡುಗಿಯ ಚಿತ್ರವನ್ನು ನೋಡಿದ ಮೈಕೆಲೆಂಜೆಲೊ, ಅಳುವ ಹುಡುಗನನ್ನು ಬರೆಯುವುದು ಇದಕ್ಕಿಂತ ಕಷ್ಟವೆಂದು ತಿಳಿಸಿದರಂತೆ. ನಗುವ ಮುಖಕ್ಕೂ ಅಳುವ ಮುಖಕ್ಕೂ ರೇಖೆಗಳಲ್ಲಿ ಇರುವ ವ್ಯತ್ಯಾಸ ಬಹಳ ಸೂಕ್ಷ್ಮವಾದುದು. ಸೊಫೊನಿಸ್ಬಾ ಈ ಸವಾಲಿಗೆ ಉತ್ತರವಾಗಿ ಮನೆಯ ಮಕ್ಕಳನ್ನೇ ಬರೆದರು. ಏಡಿಯಂತೆ ಕಚ್ಚುವ ಸಿಗಡಿ ಬೆರಳು ಕಚ್ಚಿದ್ದರಿಂದ ಚೀರುತ್ತಿರುವ ಪುಟ್ಟ ಹುಡುಗ, ಪಕ್ಕದಲ್ಲಿ ಅವನನ್ನು ಬಳಸಿ ನಿಂತ ಹುಡುಗಿ. ಆ ಹುಡುಗ ಅವರ ತಮ್ಮ ಅಸ್ದ್ರೂಬಾಲೆಯೇ ಎಂದು ಹೇಳಲಾಗುತ್ತದೆ. ಕವಾಲಿಯೇರಿ ಈ ಚಿತ್ರವನ್ನು ಫ್ಲಾರೆನ್ಸಿನ ಅರಸ ಕೊಸಿಮೊ ಮೆದಿಚಿಗೆ ಕಾಣಿಕೆಯಾಗಿ ಕಳುಹಿಸಿದರು. ಇಂದು ಅದು ನೇಪಲ್ಸ್ ನಗರದ ಸಂಗ್ರಹಾಲಯದಲ್ಲಿದೆ.

ರಾಣಿಯ ಗುರು

1559ರಲ್ಲಿ ಸ್ಪೇನ್ ದೇಶದ ದೊರೆ ಎರಡನೇ ಫಿಲಿಪ್ ಅವರಿಂದ ಸೊಫೊನಿಸ್ಬಾಗೆ ಕರೆ ಬಂತು. ಫಿಲಿಪ್ ಆಗ ಫ್ರಾನ್ಸಿನ ರಾಜಕುಮಾರಿ ಎಲಿಜಬೆತ್ ವಲ್ವಾ ಅವರನ್ನು ವಿವಾಹವಾಗಿದ್ದರು. ಹೊಸ ರಾಣಿಗೆ ಹದಿನಾಲ್ಕೇ ವರ್ಷ. ಚಿತ್ರ ಬರೆಯುವುದರಲ್ಲಿ ಆಕೆಗೆ ತುಂಬಾ ಆಸಕ್ತಿ. ಸುಮಾರು ಇಪ್ಪತ್ತೇಳು ವರ್ಷದ ಸೊಫೊನಿಸ್ಬಾ ರಾಣಿಯ ಸಖಿಯಾಗಿ, ಚಿತ್ರಕಲೆಯ ಗುರುವಾಗಿ ಆಸ್ಥಾನ ಸೇರಿದರು. ದೊರೆ, ರಾಣಿ ಮತ್ತು ರಾಜಕುಟುಂಬದವರ ಭಾವಚಿತ್ರಗಳನ್ನು ಬರೆದರು. 1561ರಲ್ಲಿ ಸ್ವತಃ ಪೋಪ್ ಅವರೇ ರಾಣಿಯ ಭಾವಚಿತ್ರ ಬೇಕೆಂದು ಕೇಳಿ ಇವರಿಂದ ಬರೆಸಿಕೊಂಡರು. ತವರಿನಲ್ಲಿ ತಂದೆಗೆ ದೊರೆಯಿಂದ ವರ್ಷಾಶನವೂ ದೊರೆಯಿತು. ಯಾವ ಮಗಳ ವರದಕ್ಷಿಣೆ ಹೊರೆಯಾಗಬಹುದಾಗಿತ್ತೋ ಅದೇ ಮಗಳಿಂದ ಮನೆಗೆ ಆಸರೆಯಾಯಿತು.

ಆದರೆ ಈ ಗೌರವದಲ್ಲೇ ಒಂದು ನಷ್ಟವೂ ಅಡಗಿತ್ತು. ಕುಲೀನ ಮಹಿಳೆ ಚಿತ್ರ ಬರೆದು ಹಣ ಪಡೆಯುವಂತಿರಲಿಲ್ಲ. ಆದ್ದರಿಂದ ಅವರಿಗೆ ಸಿಗುತ್ತಿದ್ದುದು ಸಖಿಯ ಸಂಬಳ ಮತ್ತು ಉಡುಗೊರೆಗಳು ಮಾತ್ರ. ಆಸ್ಥಾನ ಚಿತ್ರಕಾರರ ಲೆಕ್ಕದ ಪುಸ್ತಕಗಳಲ್ಲಿ ಅವರ ಹೆಸರು ಬರಲಿಲ್ಲ. ತವರಿನಲ್ಲಿ ಹಲವು ಚಿತ್ರಗಳ ಮೇಲೆ ಆಸೆಯಿಂದ ಹೆಸರು ಬರೆಯುತ್ತಿದ್ದ ಸೊಫೊನಿಸ್ಬಾ ಸ್ಪೇನಿನ ಚಿತ್ರಗಳ ಮೇಲೆ ಸಹಿ ಮಾಡಲಿಲ್ಲ.

1568ರಲ್ಲಿ ರಾಣಿ ಇಪ್ಪತ್ತಮೂರನೆಯ ವಯಸ್ಸಿನಲ್ಲೇ ನಿಧನರಾದರು. ಆಕೆಯ ಇಬ್ಬರು ಪುಟ್ಟ ಹೆಣ್ಣುಮಕ್ಕಳೂ ಸೊಫೊನಿಸ್ಬಾ ಅವರ ಕಣ್ಣೆದುರಿಗೇ ಬೆಳೆದ ಮಕ್ಕಳು. ಸೊಫೊನಿಸ್ಬಾ ಇನ್ನೂ ಕೆಲವು ವರ್ಷ ಅರಮನೆಯಲ್ಲೇ ಉಳಿದರು.

ಸಮುದ್ರದ ಎರಡು ಪ್ರಯಾಣಗಳು

1573ರ ಸುಮಾರಿಗೆ ದೊರೆಯೇ ಮುಂದೆ ನಿಂತು ಸಿಸಿಲಿ ದ್ವೀಪದ ಫಬ್ರಿಜಿಯೊ ಮೊಂಕಾದಾ ಎಂಬ ಕುಲೀನರೊಂದಿಗೆ ಅವರ ಮದುವೆ ನೆರವೇರಿಸಿದರು. ಆಗ ಅವರಿಗೆ ನಲವತ್ತು ದಾಟಿತ್ತು. ಐದೇ ವರ್ಷಗಳಲ್ಲಿ, 1578ರಲ್ಲಿ, ಸಮುದ್ರ ಪ್ರಯಾಣದಲ್ಲಿದ್ದ ಪತಿ ಕಡಲ್ಗಳ್ಳರ ದಾಳಿಯಲ್ಲಿ ಅಸುನೀಗಿದರು.

ವಿಧವೆಯಾದ ಸೊಫೊನಿಸ್ಬಾ ಹಡಗು ಹತ್ತಿ ತವರಿನ ಕಡೆಗೆ ಹೊರಟರು. ಆ ಹಡಗಿನ ಕಪ್ತಾನ ಒರಾಜಿಯೊ ಲೊಮೆಲ್ಲಿನಿ ಎಂಬ ಜಿನೋವಾ ನಗರದವರು, ವಯಸ್ಸಿನಲ್ಲಿ ಅವರಿಗಿಂತ ಕಿರಿಯರು. ಇಬ್ಬರೂ ಮದುವೆಯಾಗಲು ನಿಶ್ಚಯಿಸಿದರು. ತಮ್ಮ ಅಸ್ದ್ರೂಬಾಲೆಯ ವಿರೋಧವಿತ್ತು. ಫ್ಲಾರೆನ್ಸಿನ ಅರಸರೂ ಬೇಡವೆಂದು ತಿಳಿಹೇಳಿದರು. ಸೊಫೊನಿಸ್ಬಾ ವಿನಯದಿಂದಲೇ ತಮ್ಮ ನಿರ್ಧಾರ ತಿಳಿಸಿ ಮದುವೆಯಾದರು. ನಂತರ ಸುಮಾರು ಮೂವತ್ತೈದು ವರ್ಷಗಳ ಕಾಲ ಜಿನೋವಾದಲ್ಲಿ ನೆಲೆಸಿ ಚಿತ್ರ ಬರೆಯುತ್ತಾ ಬಾಳಿದರು. ಅವರು ಎತ್ತಿ ಆಡಿಸಿದ್ದ ರಾಜಕುಮಾರಿ ಇಸಾಬೆಲ್ 1599ರಲ್ಲಿ ಆ ದಾರಿಯಾಗಿ ಹೋಗುವಾಗ ಅವರನ್ನು ಕಂಡು ತಮ್ಮ ಭಾವಚಿತ್ರ ಬರೆಸಿಕೊಂಡರು.

ಯುವ ಕಲಾವಿದನ ಭೇಟಿ

1615ರಲ್ಲಿ ದಂಪತಿಗಳು ಸಿಸಿಲಿಯ ಪಲೆರ್ಮೊ ನಗರಕ್ಕೆ ಬಂದರು. 1624ರ ಜುಲೈ 12ರಂದು ಇಪ್ಪತ್ತೈದು ವರ್ಷದ ಯುವ ಚಿತ್ರಕಾರರೊಬ್ಬರು ಅವರನ್ನು ಹುಡುಕಿಕೊಂಡು ಬಂದರು. ಮುಂದೆ ಇಂಗ್ಲೆಂಡಿನ ಆಸ್ಥಾನ ಕಲಾವಿದರಾಗಿ ಜಗತ್ಪ್ರಸಿದ್ಧರಾದ ಆಂಥೊನಿ ವಾನ್ ಡೈಕ್ ಅವರು ಇವರೇ. ಸೊಫೊನಿಸ್ಬಾಗೆ ಆಗ ತೊಂಬತ್ತು ದಾಟಿತ್ತು. ಕಣ್ಣು ಮಂದವಾಗಿದ್ದರೂ ನೆನಪು, ಬುದ್ಧಿ ಚುರುಕಾಗಿದ್ದವು. ವಾನ್ ಡೈಕ್ ಅವರ ಚಿತ್ರ ಬರೆಯಲು ಕುಳಿತಾಗ, ಬೆಳಕು ತೀರಾ ಮೇಲಿನಿಂದ ಬಿದ್ದರೆ ಮುಖದ ಸುಕ್ಕುಗಳು ಹೆಚ್ಚಾಗಿ ಕಾಣುತ್ತವೆ ಎಂದು ಹಿರಿಯ ಗುರು ಕಿರಿಯನಿಗೆ ಎಚ್ಚರಿಸಿದರು. ಈ ಭೇಟಿಯ ವಿವರವನ್ನೂ ಅಂದು ಬರೆದ ಚಿತ್ರವನ್ನೂ ವಾನ್ ಡೈಕ್ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಉಳಿಸಿದ್ದಾರೆ. ಆ ಪುಸ್ತಕ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

1625ರ ನವೆಂಬರ್‌ನಲ್ಲಿ ಸೊಫೊನಿಸ್ಬಾ ಪಲೆರ್ಮೊದಲ್ಲಿ ನಿಧನರಾದರು. ಏಳು ವರ್ಷಗಳ ನಂತರ, ಅವರು ಹುಟ್ಟಿ ನೂರು ವರ್ಷ ತುಂಬುವ 1632ರಲ್ಲಿ, ಪತಿ ಒರಾಜಿಯೊ ಸಮಾಧಿಯ ಮೇಲೆ ಪ್ರೀತಿ ಗೌರವಗಳಿಂದ ಒಂದು ಶಾಸನ ಬರೆಸಿದರು.

ಮರಳಿ ಬಂದ ಹೆಸರು

ಅವರು ತೀರಿಕೊಂಡ ಮೇಲೆ ಸಹಿಯಿಲ್ಲದ ಚಿತ್ರಗಳ ಗತಿ ಏನಾಯಿತು? ಸ್ಪೇನಿನ ಅರಮನೆಯ ಭಾವಚಿತ್ರಗಳಿಗೆ ಅಲ್ಲಿದ್ದ ಪುರುಷ ಚಿತ್ರಕಾರರ ಹೆಸರು ಅಂಟಿಕೊಂಡಿತು. ಮಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ ದೊರೆ ಫಿಲಿಪ್ ಅವರ ಪ್ರಸಿದ್ಧ ಭಾವಚಿತ್ರ ಬಹುಕಾಲ ಬೇರೆಯವರದೆಂದೇ ಪರಿಗಣಿತವಾಗಿತ್ತು. ಹಳೆಯ ದಾಖಲೆಗಳ ಶೋಧನೆ ಮತ್ತು ಎಕ್ಸ್-ರೇ ಪರೀಕ್ಷೆಗಳ ನಂತರ, 1990ರ ದಶಕದಲ್ಲಿ, ಅದು ಸೊಫೊನಿಸ್ಬಾ ಅವರದೆಂದು ತಜ್ಞರು ಒಪ್ಪಿದರು. 1994ರಲ್ಲಿ ಹುಟ್ಟೂರು ಕ್ರೆಮೋನಾದಲ್ಲಿ ಅವರ ಮತ್ತು ತಂಗಿಯರ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. 2019ರಲ್ಲಿ ಪ್ರಾಡೊ ಸಂಗ್ರಹಾಲಯವೇ ಅವರ ಹಾಗೂ ಇಟಲಿಯ ಇನ್ನೊಬ್ಬ ಕಲಾವಿದೆ ಲವೀನಿಯಾ ಫೊಂತಾನಾ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಿತು.

ನಮಗೇನು ಪಾಠ?

ಈ ಜೀವನಚರಿತ್ರೆ ಓದುವಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯಲ್ಲಿ ಚೆನ್ನಾಗಿ ಚಿತ್ರ ಬರೆಯುವ ಒಬ್ಬ ಹುಡುಗಿಯಿದ್ದಳು. ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ತರಗತಿಯ ಎಲ್ಲರ ಮುಖಗಳೂ ಇದ್ದವು. ಪಾಠದ ಪುಸ್ತಕ ಹಾಳು ಮಾಡುತ್ತೀಯೆಂದು ನಾನು ಗದರಿಸಿದ್ದೆ. ಮರುವರ್ಷ ಅವಳು ಶಾಲೆಗೆ ಬರಲಿಲ್ಲ. ಅವಳ ತಂದೆಯನ್ನು ಕಂಡು ನಾಲ್ಕು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಅಮಿಲ್ಕಾರೆ ಸ್ವತಃ ಚಿತ್ರಕಾರರಲ್ಲ. ಆದರೂ ಮಗಳಿಗಾಗಿ ಒಬ್ಬ ಗುರುವನ್ನು ಹುಡುಕಿದರು, ದೊಡ್ಡವರಿಗೆ ಪತ್ರ ಬರೆಯಲು ನಾಚಲಿಲ್ಲ. ಪೋಷಕರೂ ನನ್ನಂತಹ ಶಿಕ್ಷಕರೂ ಮಾಡಬಹುದಾದ ಕೆಲಸ ಇದು. ವಿದ್ಯಾರ್ಥಿನಿಯರಿಗೆ ಹೇಳುವುದೂ ಇಷ್ಟೇ. ದೊಡ್ಡ ಅವಕಾಶ ಸಿಗಲಿ ಎಂದು ಕಾಯದೆ ಕಣ್ಣೆದುರಿಗೆ ಇರುವುದರಿಂದಲೇ ಪ್ರಾರಂಭಿಸಿ. ಕಲಿತದ್ದನ್ನು ತಮ್ಮ ತಂಗಿಯರಿಗೂ ಕಲಿಸಿ. ನೀವು ಮಾಡಿದ ಕೆಲಸದ ಮೇಲೆ ನಿಮ್ಮ ಹೆಸರನ್ನು ತಪ್ಪದೆ ಬರೆಯಿರಿ.