ಹಾಜಿ ಅಬ್ದುಲ್ಲಾ ಸಾಹೇಬರು

ದೊಡ್ಡವರ ಜೀವನಚರಿತ್ರೆಯನ್ನು ಅವರ ಹುಟ್ಟಿನಿಂದ ಆರಂಭಿಸುವುದು ವಾಡಿಕೆ. ನಾನು ನನ್ನ ಅಕ್ಕನ ಮಗುವಿನ ಹುಟ್ಟಿನಿಂದ ಆರಂಭಿಸುತ್ತೇನೆ, ವಾಚಕರು ಮನ್ನಿಸಬೇಕು.

ಕಾಪುವಿನ ನಮ್ಮ ಮನೆಯಿಂದ ಅಕ್ಕನನ್ನು ಹೆರಿಗೆಗೆಂದು ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಕರೆದೊಯ್ದಿದ್ದೆವು. ಹೆಣ್ಣುಮಗು ಹುಟ್ಟಿತು. ಮೂರನೆಯ ದಿನ ಅದರ ಕಣ್ಣೂ ಮೈಯೂ ಅರಿಶಿನ ಬಳಿದಂತಾದುವು. ಅಮ್ಮ ಕಂಡಕಂಡ ದೈವಗಳಿಗೆಲ್ಲ ಹರಕೆ ಹೊತ್ತಳು. ಎಳೆಗೂಸಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಉಳಿದುಬಿಡುತ್ತದೆಂದೂ, ನೀಲಿ ಬೆಳಕಿನ ಕೆಳಗೆ ಮಲಗಿಸಿದರೆ ಅದು ಸುಲಭವಾಗಿ ಮೈಯಿಂದ ಹೊರಹೋಗುವ ರೂಪಕ್ಕೆ ಮಾರ್ಪಡುತ್ತದೆಂದೂ ದಾದಿಯೊಬ್ಬರು ತಾಳ್ಮೆಯಿಂದ ತಿಳಿಸಿದರು. ಎರಡು ಹಗಲು, ಎರಡು ರಾತ್ರಿ ಆ ಬೆಳಕಿನಲ್ಲಿ ಮಗು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿತ್ತು. ನಾನು ಹೊರಗೆ ಕುಳಿತು, ಬೇರೆ ಕೆಲಸವಿಲ್ಲದೆ, ಆಸ್ಪತ್ರೆಯ ಹೆಸರಿನಲ್ಲಿದ್ದ ಹಾಜಿ ಅಬ್ದುಲ್ಲಾ ಎಂಬ ಅಕ್ಷರಗಳನ್ನು ಮತ್ತೆ ಮತ್ತೆ ಓದಿದೆ. ಅಕ್ಷರ ತಿಳಿದಿತ್ತು, ಮನುಷ್ಯ ತಿಳಿದಿರಲಿಲ್ಲ. ಹುಟ್ಟಿ ಬೆಳೆದದ್ದು ಇದೇ ಸೀಮೆಯಲ್ಲಿ! ನಾಚಿಕೆಯಾಯಿತು. ಮನೆಗೆ ಬಂದ ಮೇಲೆ ಹಿರಿಯರನ್ನು ಕೇಳಿ, ಪುಸ್ತಕಗಳನ್ನು ಹುಡುಕಿ ತಿಳಿದುಕೊಂಡದ್ದು ಇಷ್ಟು.

ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರು ಜನಿಸಿದ್ದು 1882ರಲ್ಲಿ. ಆಗ ಉಡುಪಿ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಸಣ್ಣ ಪಟ್ಟಣ. ಅವರು ವ್ಯಾಪಾರದಲ್ಲಿ ಕೈಹಾಕಿ ಸಂಪತ್ತು ಗಳಿಸಿದರು. ಗಳಿಸಿದವರು ನಮ್ಮಲ್ಲಿ ಅನೇಕರಿದ್ದರು. ಅವರ ಮಾತು ಬಿಡಿ.

1906ನೆಯ ಮಾರ್ಚ್ 12ರಂದು, ಇಪ್ಪತ್ತನಾಲ್ಕರ ತರುಣರಾಗಿದ್ದ ಅವರು, ಊರಿನ ಕೆಲವು ಮಹನೀಯರೊಡನೆ ಸೇರಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಎಂಬ ಸಂಸ್ಥೆಯನ್ನು ತೆರೆದರು. ಮೂಲಧನ 5000 ರೂಪಾಯಿ. ಮೊದಲ ದಿನ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. ಎರಡು ಪೈಯನ್ನೂ ಬಿಡದೆ ಬರೆದಿಟ್ಟ ಆ ಲೆಕ್ಕ ನನಗೆ ಬಹಳ ಪ್ರಿಯವಾಯಿತು. ಜಾತಿಮತಗಳ ಭೇದವಿಲ್ಲದೆ ಸರ್ವರಲ್ಲೂ ಉಳಿತಾಯದ ಮತ್ತು ಪರಸ್ಪರ ಸಹಕಾರದ ಅಭ್ಯಾಸ ಬೆಳೆಸುವುದೇ ಅವರ ಉದ್ದೇಶವಾಗಿತ್ತು. ಅದು ಸ್ವದೇಶಿ ಚಳವಳಿಯ ಕಾಲವಷ್ಟೆ. ಶ್ರೀಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆ ಸಾಲದಾದಾಗ ಸಾಹೇಬರು ಎಣ್ಣೆ ಕಳುಹಿಸಿಕೊಟ್ಟರೆಂದು ಉಡುಪಿಯ ಹಿರಿಯರು ಈಗಲೂ ಹೇಳಿಕೊಳ್ಳುತ್ತಾರೆ.

ಆದರೆ ನನ್ನ ಮನಸ್ಸು ನಿಂತದ್ದು ಆಸ್ಪತ್ರೆಯ ನೆಲದ ಮೇಲೆ. ಆ ಕಾಲದ ಹಿಂದೂಸ್ಥಾನದಲ್ಲಿ ಹುಟ್ಟಿದ ಐದು ಶಿಶುಗಳಲ್ಲಿ ಹೆಚ್ಚುಕಡಮೆ ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು. ಹೆರಿಗೆ ಮನೆಯ ಕತ್ತಲೆ ಕೋಣೆಯಲ್ಲಿಯೇ ಆಗುತ್ತಿತ್ತು. ಅಂಥ ದಿನಗಳಲ್ಲಿ ಪೇಟೆಯ ನಟ್ಟನಡುವಿನ ನಾಲ್ಕು ಎಕರೆಗೂ ಮೀರಿದ ತಮ್ಮ ಸ್ಥಳವನ್ನು ಸಾಹೇಬರು ಆಸ್ಪತ್ರೆಗಾಗಿ ದಾನವಿತ್ತರು. ಅಲ್ಲಿ ಅಂಗಡಿಸಾಲು ಕಟ್ಟಿಸಿದ್ದರೆ ಬಾಡಿಗೆ ಎಣಿಸುತ್ತ ಕೂರಬಹುದಿತ್ತು. ಊರಹೊರಗೆ ಎಲ್ಲೋ ಒಂದು ಬರಡು ಗುಡ್ಡೆಯನ್ನು ಕೊಟ್ಟಿದ್ದರೂ ದಾನವೆಂಬ ಹೆಸರು ಬರುತ್ತಿತ್ತು. ನೋವು ತಿನ್ನುವ ಬಡಹೆಂಗಸು ನಡೆದು ಮುಟ್ಟಬಹುದಾದ ಜಾಗವನ್ನೇ ಕೊಟ್ಟರು.

1935ರಲ್ಲಿ ಅವರು ನಿಧನರಾದರು. ವಯಸ್ಸು ಐವತ್ತಮೂರು. ಅವರ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿ, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು; ಹೆಸರು ಹೋಯಿತು. ಬ್ಯಾಂಕು ಹುಟ್ಟಿದ ಅವರ ಮನೆ ನಾಣ್ಯಗಳ ಸಂಗ್ರಹಾಲಯವಾಯಿತು. ಆಸ್ಪತ್ರೆಗೆ ಮಾತ್ರ 2017ರಲ್ಲಿ ಅದೇ ನೆಲದ ಮೇಲೆ ಹೊಸ ಕಟ್ಟಡವೆದ್ದಿತು. ಹೆಸರಿನ ಮುಂದೆ ಮತ್ತೊಂದು ಹೆಸರು ಸೇರಿದರೂ ಸಾಹೇಬರ ಹೆಸರು ಅಳಿಯಲಿಲ್ಲ.

ಅಕ್ಕನ ಮಗಳಿಗೆ ಈಗ ಎರಡು ವರ್ಷ. ನನ್ನ ಪುಸ್ತಕಗಳನ್ನು ಹರಿಯುವಷ್ಟು ಆರೋಗ್ಯವಂತೆ. ನೆಲ ದಾನಮಾಡುವ ಶಕ್ತಿ ನನ್ನಂಥ ವಿದ್ಯಾರ್ಥಿಗೆ ಎಲ್ಲಿಂದ ಬರಬೇಕು? ಬಿಡುವಾದ ಶನಿವಾರ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ, ಓದುಬರಹವಿಲ್ಲದ ತಾಯಂದಿರಿಗೆ ತಾಯಿ ಕಾರ್ಡಿನಲ್ಲಿರುವ ಲಸಿಕೆಯ ದಿನಗಳನ್ನು ಓದಿ ಹೇಳುತ್ತೇನೆ. ಹೆಚ್ಚಿನವರು ಕೂಲಿಗೆಂದು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದವರು. ಅವರ ಕನ್ನಡ ನನಗೆ, ನನ್ನದು ಅವರಿಗೆ, ಮೊದಮೊದಲು ಅರ್ಥವಾಗುತ್ತಿರಲಿಲ್ಲ. ಕಳೆದ ವಾರ ಒಬ್ಬಾಕೆ ಕಾರ್ಡನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತ, ಹಲಗೆಯ ಮೇಲೆ ಬರೆದ ಹೆಸರು ಯಾರದ್ದೆಂದು ಕೇಳಿದಳು. ಮುಂದಿನ ಬಸ್ಸು ಹೊರಡುವವರೆಗೂ ನಾನು ಆಕೆಗೆ ಸಾಹೇಬರ ಕಥೆ ಹೇಳುತ್ತ ಕುಳಿತೆ.